ಕಚ್ಚಾ ಗೇರುಬೀಜದ ದರ ಎಲ್ಲಿ ತೀರ್ಮಾನವಾಗುತ್ತದೆ?

ಸಂಪಾದಕರಿಗೆ,

ಆಫ್ರಿಕಾದ ಯಾವುದಾದರೂ ದೇಶ ಕಚ್ಚಾ ಗೇರುಬೀಜದ ರಫ್ತಿಗೆ ತೆರಿಗೆ ಏರಿಸಿದರೆ, ಇಲ್ಲವೇ ಬೆನಿನ್ ದೇಶದಂತೆ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜವನ್ನು ಹೊರಗೆ ಬಿಡುವುದೇ ಇಲ್ಲ ಎಂದು ಘೋಷಿಸಿದರೆ, ನಮ್ಮ ಕರಾವಳಿಯ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಬರುತ್ತದೆ: ಮಂಗಳೂರು, ಕಾರ್ಕಳ, ಕುಂದಾಪುರದ ಕಾರ್ಖಾನೆಗಳಿಗೆ ಬೀಜ ಸಾಲದು, ಕೇಂದ್ರ ಸರ್ಕಾರ ಆ ದೇಶಗಳ ಮೇಲೆ ಒತ್ತಡ ತರಬೇಕು. ಕಾರ್ಖಾನೆಯವರ ಆತಂಕ ನಿಜವಾದದ್ದೇ. ನಮ್ಮಲ್ಲಿ ಬೆಳೆಯುವ ಬೀಜ ನಮ್ಮ ಕಾರ್ಖಾನೆಗಳ ಅರ್ಧ ಹಸಿವನ್ನೂ ಸರಿಯಾಗಿ ತುಂಬುವುದಿಲ್ಲ. ಬೀಜ ಒಡೆಯುವ ಕಟಿಂಗ್‌ನಲ್ಲಿ, ಸಿಪ್ಪೆ ಸುಲಿಯುವ ಪೀಲಿಂಗ್‌ನಲ್ಲಿ ಕೂತ ಹೆಣ್ಣುಮಕ್ಕಳ ದಿನಗೂಲಿ ಹಡಗಿನಲ್ಲಿ ಬರುವ ಚೀಲವನ್ನೇ ನಂಬಿಕೊಂಡಿದೆ. ಆದರೆ ಆ ದೇಶಗಳು ಹಾಗೇಕೆ ಮಾಡುತ್ತವೆ ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬಡ ದೇಶವೊಂದರ ಆರ್ಥಿಕ ತೀರ್ಮಾನಗಳು ಹೊರಗಿನವರ ಕೈಯಲ್ಲೇ ಉಳಿಯುವುದನ್ನು ನವವಸಾಹತುಶಾಹಿ ಎನ್ನುತ್ತಾರೆ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ 1960ರ ದಶಕದಲ್ಲಿ ಜನಬಳಕೆಗೆ ತಂದ ಮಾತು ಅದು. ನಮ್ಮ ಓದುಗರಿಗೆ ಅದನ್ನು ಅರ್ಥ ಮಾಡಿಸಲು ಗೇರುಬೀಜಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಮೊದಲು ಒಂದು ಗೋಣಿಚೀಲದ ಲೆಕ್ಕ ನೋಡೋಣ. ಕಚ್ಚಾ ಬೀಜದ ವ್ಯಾಪಾರದಲ್ಲಿ ಗುಣಮಟ್ಟವನ್ನು ಅಳೆಯುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋ ಚೀಲದಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂಬುದರ ಮೇಲೆ. 48 ಪೌಂಡ್ ಔಟ್‌ಟರ್ನ್ ಎಂದರೆ ಸುಮಾರು 21.8 ಕಿಲೋ ತಿರುಳು. ಒಂದು ಕಿಲೋ ತಿರುಳಿಗೆ 3.7 ಕಿಲೋದಷ್ಟು ಕಚ್ಚಾ ಬೀಜ ಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ಗೇರುಬೀಜ ಬೆಳೆಯುವ ಐವರಿ ಕೋಸ್ಟ್‌ನಲ್ಲಿ ಸರ್ಕಾರ ಪ್ರತಿ ಹಂಗಾಮಿಗೆ ರೈತನಿಗೆ ಕೊಡಬೇಕಾದ ಕನಿಷ್ಠ ದರ ಗೊತ್ತುಮಾಡುತ್ತದೆ. 2023ರಲ್ಲಿ ಅದು ಕಿಲೋಗೆ 315 ಸಿಎಫ್‌ಎ ಫ್ರಾಂಕ್ (ಅಲ್ಲಿನ ನಾಣ್ಯ) ಇತ್ತು, 2024ರಲ್ಲಿ 275ಕ್ಕೆ ಇಳಿಯಿತು, 2025ರಲ್ಲಿ 425ಕ್ಕೆ ಏರಿತು. 275 ಫ್ರಾಂಕ್ ಎಂದರೆ ಆಗಿನ ವಿನಿಮಯದಲ್ಲಿ ನಮ್ಮ 38 ರೂಪಾಯಿ. ಹಾಗಾದರೆ ಒಂದು ಕಿಲೋ ತಿರುಳಿಗೆ ಬೇಕಾದ ಬೀಜಕ್ಕೆ ಅಲ್ಲಿನ ರೈತನಿಗೆ ಸಿಕ್ಕಿದ್ದು ಸುಮಾರು 140 ರೂಪಾಯಿ. ಸಾಗಣೆ, ಮಧ್ಯವರ್ತಿಯ ಪಾಲು, ತೇವದಿಂದ ಆಗುವ ನಷ್ಟ, ಬೇಯಿಸಿ, ಒಡೆದು, ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಟಿನ್ ತುಂಬುವ ಖರ್ಚು ಎಲ್ಲವನ್ನೂ ಸೇರಿಸಿದರೂ, ಅಂಗಡಿಯಲ್ಲಿ ಅದೇ ಒಂದು ಕಿಲೋ ಇಡಿ ಗೋಡಂಬಿಗೆ ತೆರುವ ಹಣ ಎಷ್ಟೆಂದು ಓದುಗರೇ ಬಲ್ಲರು. ಈ ಎರಡು ದರಗಳ ನಡುವೆ ಇರುವುದೇ ಕೂಲಿ, ಕಾರ್ಖಾನೆ, ಬ್ಯಾಂಕು, ಬ್ರ್ಯಾಂಡು. ಬೀಜ ಕಚ್ಚಾ ಆಗಿಯೇ ಹಡಗು ಹತ್ತಿದರೆ ಇವೆಲ್ಲವೂ ಅದರ ಜೊತೆಗೇ ದೇಶ ಬಿಡುತ್ತವೆ. ಬೆನಿನ್ ಸರ್ಕಾರಕ್ಕೆ ಗೊತ್ತಿರುವುದು ಇಷ್ಟೇ.

ಇದನ್ನು ತಡೆಯಲು ಬಹಳ ಹಿಂದೆಯೇ ಹೊರಟ ಆಫ್ರಿಕಾದ ಮೊಜಾಂಬಿಕ್‌ಗೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಆ ಕಥೆಯಲ್ಲಿ ಲಾಭವಾದದ್ದು ನಮಗೆ.

ಗೇರು ಮರವನ್ನು ಬ್ರೆಜಿಲ್‌ನಿಂದ ನಮ್ಮ ಪಶ್ಚಿಮ ಕರಾವಳಿಗೆ ತಂದವರೂ ಪೋರ್ಚುಗೀಸರು, ಮೊಜಾಂಬಿಕ್‌ಗೆ ಒಯ್ದವರೂ ಅವರೇ. 1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವರ್ಷಕ್ಕೆ 2 ಲಕ್ಷ ಟನ್ನಿನಷ್ಟು ಬೀಜ ಬೆಳೆದು ಜಗತ್ತಿಗೇ ಮೊದಲನೆಯದಾಗಿತ್ತು. 1975ರ ಜೂನ್ 25ರಂದು ಸ್ವತಂತ್ರವಾಯಿತು. ಮೂರೇ ವರ್ಷಕ್ಕೆ, 1978ರಲ್ಲಿ, ಕಚ್ಚಾ ಬೀಜದ ರಫ್ತನ್ನು ನಿಷೇಧಿಸಿತು: ಬೀಜ ನಮ್ಮದು, ಒಡೆಯುವುದೂ ನಮ್ಮಲ್ಲೇ. ಆದರೆ 1977ರಿಂದಲೇ ಅಂತರ್ಯುದ್ಧ ಶುರುವಾಗಿತ್ತು. ಬಂಡುಕೋರರ ಬೆನ್ನಿಗೆ ಮೊದಲು ರೊಡೇಷಿಯಾ, ಆಮೇಲೆ ವರ್ಣಭೇದದ ದಕ್ಷಿಣ ಆಫ್ರಿಕಾ ನಿಂತಿದ್ದವು. 1992ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಶಾಂತಿ ಒಪ್ಪಂದವಾಗುವ ಹೊತ್ತಿಗೆ ಹಳ್ಳಿಗಳು ಖಾಲಿಯಾಗಿದ್ದವು, ಮರಗಳು ಮುದಿಯಾಗಿ ಬೂದಿರೋಗಕ್ಕೆ ಸಿಕ್ಕಿದ್ದವು, ಇಳುವರಿ 50 ಸಾವಿರ ಟನ್ನಿಗಿಂತ ಕೆಳಗೆ ಬಿದ್ದಿತ್ತು. ಇದಕ್ಕೆಲ್ಲ ಹೊರಗಿನವರೊಬ್ಬರೇ ಕಾರಣರಲ್ಲ. ರೈತರನ್ನು ಒತ್ತಾಯದಿಂದ ಸಾಮೂಹಿಕ ಗ್ರಾಮಗಳಿಗೆ ಎಬ್ಬಿಸಿದ್ದು, ಸರ್ಕಾರವೇ ಗೊತ್ತುಮಾಡಿದ ಕಡಿಮೆ ಬೆಲೆ, ಹಣ ಕೊಟ್ಟರೂ ಹಳ್ಳಿ ಅಂಗಡಿಯಲ್ಲಿ ಕೊಳ್ಳಲು ಸಾಮಾನೇ ಇಲ್ಲದ ಸ್ಥಿತಿ, ಇವೂ ಮರವನ್ನು ಹಾಳುಗೆಡವಿದವು. ನಾಳೆ ಯಾರು ಕೊಯ್ಯುತ್ತಾರೋ ಗೊತ್ತಿಲ್ಲದ ಮರಕ್ಕೆ ಯಾರೂ ಬುಡ ಬಿಡಿಸುವುದಿಲ್ಲ.

ಮೊಜಾಂಬಿಕ್ 1984ರಲ್ಲಿ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳ (ಐಎಂಎಫ್) ಸದಸ್ಯವಾಯಿತು, 1987ರಿಂದ ಅವು ಹೇಳಿದ ಆರ್ಥಿಕ ಮರುಹೊಂದಾಣಿಕೆಗೆ ಒಪ್ಪಿಕೊಂಡಿತು. 1990ರ ದಶಕದ ಆರಂಭದಲ್ಲಿ ರಫ್ತು ನಿಷೇಧ ಹೋಗಿ ಅದರ ಜಾಗಕ್ಕೆ ರಫ್ತು ತೆರಿಗೆ ಬಂತು. ಸರ್ಕಾರಿ ಗೇರು ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರಲಾಯಿತು. ಕೊಂಡವರು ದೇಶೀಯ ಉದ್ಯಮಕ್ಕೆ ಇನ್ನೂ ಕೆಲವು ವರ್ಷ ರಕ್ಷಣೆ ಇರುತ್ತದೆಂದು ನಂಬಿ ಹಣ ಹಾಕಿದರು. 1995ರಲ್ಲಿ ವಿಶ್ವಬ್ಯಾಂಕ್ ತನ್ನ ಸಾಲಕ್ಕೆ ಷರತ್ತು ಸೇರಿಸಿತು: ಕಚ್ಚಾ ಗೇರುಬೀಜದ ರಫ್ತು ತೆರಿಗೆ ವರ್ಷದಿಂದ ವರ್ಷಕ್ಕೆ ಇಳಿದು ಕೊನೆಗೆ ಇಲ್ಲವಾಗಬೇಕು. ಶೇ 20 ಇದ್ದ ತೆರಿಗೆ ಮರುವರ್ಷವೇ ಶೇ 14ಕ್ಕೆ ಬಂತು. ಆಗಷ್ಟೇ ಯುದ್ಧದಿಂದ ಎದ್ದ ದೇಶ ಅದು. ಬಜೆಟ್ಟಿನ ದೊಡ್ಡ ಪಾಲು ಹೊರಗಿನ ನೆರವಿನಿಂದ ನಡೆಯುತ್ತಿರುವಾಗ, ಉಳಿದ ದಾನಿ ದೇಶಗಳೂ ವಿಶ್ವಬ್ಯಾಂಕಿನ ಒಪ್ಪಿಗೆಯನ್ನೇ ನೋಡುತ್ತಿರುವಾಗ, ಆಗುವುದಿಲ್ಲ ಎನ್ನಲು ಅದಕ್ಕೆ ಬಾಯಿ ಇರಲಿಲ್ಲ.

ಬ್ಯಾಂಕಿನ ವಾದ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಮೊಜಾಂಬಿಕ್‌ನ ದೊಡ್ಡ ಕಾರ್ಖಾನೆಗಳು ವಸಾಹತು ಕಾಲದ ಯಂತ್ರಗಳನ್ನು ನೆಚ್ಚಿಕೊಂಡಿದ್ದವು. ಬಿಸಿ ಎಣ್ಣೆಯಲ್ಲಿ ಹುರಿದು ಯಂತ್ರದಲ್ಲಿ ಅಪ್ಪಳಿಸಿ ಒಡೆದರೆ ತುಂಡು ಹೆಚ್ಚು, ಇಡಿ ಕಡಿಮೆ. ಭಾರತದಲ್ಲಿ ಕೈಯಲ್ಲಿ, ಕಾಲಿನಿಂದ ತುಳಿಯುವ ಕಟಿಂಗ್ ಯಂತ್ರದಲ್ಲಿ ಒಂದೊಂದೇ ಬೀಜ ಒಡೆಯುವುದರಿಂದ ಇಡಿ ತಿರುಳು ಹೆಚ್ಚು ಸಿಗುತ್ತದೆ. ಇಡಿಗೂ ತುಂಡಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂಬುದು ಗ್ರೇಡಿಂಗ್ ಮೇಜಿನ ಮುಂದೆ ನಿಂತವರಿಗೆ ಹೇಳಬೇಕಾಗಿಲ್ಲ. ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳು ತೂಗುವ ಡಬ್ಲ್ಯೂ 320 ದರ್ಜೆಗೆ ಒಂದು ಬೆಲೆಯಾದರೆ, ಅದೇ ತಿರುಳು ಎರಡು ತುಂಡಾದ ಕ್ಷಣದಿಂದ ಇನ್ನೊಂದು ಬೆಲೆ. ಹೀಗಾಗಿ, ಬ್ಯಾಂಕು ಹೇಳಿತು, ಭಾರತದವರು ಕಚ್ಚಾ ಬೀಜಕ್ಕೆ ಹೆಚ್ಚು ಬೆಲೆ ಕೊಡಬಲ್ಲರು. ರಫ್ತು ಬಿಟ್ಟುಕೊಟ್ಟರೆ ಹತ್ತು ಲಕ್ಷದಷ್ಟು ಬಡ ರೈತ ಕುಟುಂಬಗಳಿಗೆ ಲಾಭ. ಅವರಿಗೆ ಸಿಗಬೇಕಾದ ಹಣದಲ್ಲಿ ಹತ್ತು ಸಾವಿರ ಕಾರ್ಖಾನೆ ಕಾರ್ಮಿಕರನ್ನು ಸಾಕುವುದು ಅನ್ಯಾಯ.

ಎಡವಿದ್ದು ಎಲ್ಲಿ? ಒಂದು, ಕಚ್ಚಾ ಬೀಜಕ್ಕೆ ಕೊಳ್ಳುವವರು ಆಗ ಹೆಚ್ಚುಕಡಿಮೆ ಭಾರತೀಯರೊಬ್ಬರೇ. ಒಬ್ಬನೇ ಗಿರಾಕಿ ಇರುವ ಸಂತೆಯಲ್ಲಿ ಸುಂಕ ತೆಗೆದರೆ ಉಳಿದ ಹಣ ಮಾರುವವನಿಗೇ ಸೇರುತ್ತದೆ ಎನ್ನಲಾಗದು. ಗಿರಾಕಿ ಅಷ್ಟನ್ನು ದರದಲ್ಲೇ ಇಳಿಸುತ್ತಾನೆ. ಎರಡು, ಹಳ್ಳಿಯಿಂದ ನಕಾಲಾ ಬಂದರಿನವರೆಗೆ ರಸ್ತೆ ಯುದ್ಧದಲ್ಲಿ ಕಿತ್ತುಹೋಗಿತ್ತು. ಲಾರಿ ಇದ್ದ ಕೆಲವೇ ವ್ಯಾಪಾರಿಗಳು ಹೇಳಿದ್ದೇ ದರ. ರಫ್ತು ಬೆಲೆ ಏರಿದರೂ ಅದು ಮರದ ಬುಡದವರೆಗೆ ಇಳಿಯಲಿಲ್ಲ. ಮೂರು, ಮೊಜಾಂಬಿಕ್‌ನ ಬೀಜ ನವೆಂಬರ್‌ನಿಂದ ಫೆಬ್ರವರಿವರೆಗೆ ಬರುತ್ತದೆ, ನಮ್ಮಲ್ಲಿ ಹಂಗಾಮು ಶುರುವಾಗುವ ಮುಂಚೆ, ನಮ್ಮ ಕಾರ್ಖಾನೆಗಳು ಬೀಜವಿಲ್ಲದೆ ಕೂರುವ ತಿಂಗಳುಗಳಲ್ಲಿ. ಆ ಬೀಜಕ್ಕೆ ನಮ್ಮವರಿಗೆ ಎಷ್ಟು ಅಗತ್ಯವಿತ್ತೆಂದರೆ, ಚೌಕಾಸಿ ಮಾಡುವ ಶಕ್ತಿ ಮಾರುವವನ ಕೈಯಲ್ಲಿ ಇರಬೇಕಿತ್ತು. ತೆರಿಗೆಯೇ ಆ ಶಕ್ತಿಯಾಗಿತ್ತು. ಅದನ್ನೇ ಮೊದಲು ಕಿತ್ತುಕೊಂಡರು.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 2001ರ ಹೊತ್ತಿಗೆ ಸುಮಾರು ಹತ್ತು ಸಾವಿರ ಕಾರ್ಮಿಕರಲ್ಲಿ ಬಹುಪಾಲು ಜನ ಕೆಲಸ ಕಳೆದುಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಹೆಂಗಸರು. ರೈತನಿಗೆ ಬಂದದ್ದು? ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಮತ್ತು ಅವರ ಸಹ ಸಂಶೋಧಕರು 2002ರಲ್ಲಿ ಲೆಕ್ಕ ಹಾಕಿದಂತೆ, ಗೇರು ಬೆಳೆಯುವ ಸರಾಸರಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಡಾಲರ್ 30 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. 1997ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷ ಜೇಮ್ಸ್ ವೊಲ್ಫೆನ್‌ಸನ್ ರಾಜಧಾನಿ ಮಪುಟೊಗೆ ಬಂದಾಗ ದೂರುಗಳ ಮೇಲೆ ದೂರು ಕೇಳಿ ಸ್ವತಂತ್ರ ಅಧ್ಯಯನಕ್ಕೆ ಒಪ್ಪಿದರು. ಆ ವರದಿ ನೀತಿಯ ಪರವಾಗಿ ಬರಲಿಲ್ಲ. 1999ರಲ್ಲಿ ಮೊಜಾಂಬಿಕ್‌ನ ಸಂಸತ್ತು ತಾನೇ ಕಾನೂನು ಮಾಡಿ ತೆರಿಗೆಯನ್ನು ಮತ್ತೆ ಶೇ 18ರಿಂದ 22ರ ನಡುವಿನ ಮಟ್ಟಕ್ಕೆ ಏರಿಸಿತು. ಆದರೆ ಬಾಗಿಲು ಹಾಕಿದ ಕಾರ್ಖಾನೆಯ ಯಂತ್ರಕ್ಕೆ ತುಕ್ಕು ಹಿಡಿದಿತ್ತು. ಕೆಲಸ ಬಲ್ಲ ಕೈಗಳು ಚದುರಿದ್ದವು. ಮುಂದೆ 2000ದ ದಶಕದಲ್ಲಿ ನಂಪುಲಾ ಪ್ರಾಂತ್ಯದಲ್ಲಿ ಮತ್ತೆ ಎದ್ದು ನಿಂತದ್ದು ಸಣ್ಣ ಕಾರ್ಖಾನೆಗಳು, ನಮ್ಮಲ್ಲಿರುವಂತೆಯೇ ಹಬೆಯಲ್ಲಿ ಬೇಯಿಸಿ ಕೈಯಲ್ಲಿ ಒಡೆಯುವಂಥವು. ಇಡಿ ತಿರುಳು ಬರುವುದಿಲ್ಲವೆಂಬ ಕಾರಣಕ್ಕೆ ಉದ್ಯಮವನ್ನೇ ಸಾಯಬಿಡಬೇಕಾಗಿರಲಿಲ್ಲ, ಒಡೆಯುವ ವಿಧಾನ ಬದಲಿಸಿದರೆ ಸಾಕಿತ್ತು ಎಂಬುದನ್ನು ಅವು ತೋರಿಸಿದವು.

ಆ ವರ್ಷಗಳಲ್ಲಿ ನಕಾಲಾದಿಂದ ಹೊರಟ ಬೀಜ ಬಂದದ್ದು ಭಾರತಕ್ಕೆ, ಅದರಲ್ಲೂ ಹೆಚ್ಚಾಗಿ ಕೊಲ್ಲಂಗೆ. ನಮ್ಮ ಕಾರ್ಖಾನೆಯವರು ಷರತ್ತು ಹಾಕಿಸಿದವರಲ್ಲ, ನಿಜ. ಆದರೆ ಷರತ್ತಿನ ಫಲ ಉಂಡವರು.

ಈಗ ನಮ್ಮ ಸುಂಕದ ಪಟ್ಟಿಯನ್ನೇ ತೆಗೆದು ನೋಡಿ. 2018ರ ಬಜೆಟ್‌ನಲ್ಲಿ ಕಚ್ಚಾ ಗೇರುಬೀಜದ ಆಮದು ಸುಂಕವನ್ನು ಶೇ 5ರಿಂದ 2.5ಕ್ಕೆ ಇಳಿಸಲಾಯಿತು. 2019ರಲ್ಲಿ ತಿರುಳಿನ ಸುಂಕವನ್ನು ಶೇ 45ರಿಂದ 70ಕ್ಕೆ ಏರಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಕನಿಷ್ಠ ಆಮದು ಬೆಲೆಯನ್ನು ಇಡಿ ತಿರುಳಿಗೆ ಕಿಲೋಗೆ 720 ರೂಪಾಯಿ, ತುಂಡಿಗೆ 680 ರೂಪಾಯಿ ಎಂದು ನಿಗದಿ ಮಾಡಲಾಯಿತು. ಬೀಜ ಕಚ್ಚಾ ಆಗಿದ್ದರೆ ಬಾಗಿಲು ತೆರೆದಿದೆ, ಒಡೆದು ತಂದರೆ ಮುಚ್ಚಿದೆ. ಐವರಿ ಕೋಸ್ಟ್‌ನ ರೈತನಿಗೆ 2024ರಲ್ಲಿ 140 ರೂಪಾಯಿ ಸಿಕ್ಕ ಸರಕು ತಿರುಳಾಗಿ ನಮ್ಮ ಬಂದರಿಗೆ ಬರಬೇಕಾದರೆ 720 ರೂಪಾಯಿಯ ಗೆರೆ ದಾಟಿರಬೇಕು. ಹೀಗೆ ಸರಕು ಒಂದೊಂದು ಮೆಟ್ಟಿಲು ಏರಿದಂತೆ ಸುಂಕವೂ ಏರುವುದರ ವಿರುದ್ಧ ಶ್ರೀಮಂತ ದೇಶಗಳೊಡನೆ ಭಾರತ ದಶಕಗಳಿಂದ ವಾದಿಸುತ್ತ ಬಂದಿದೆ. ಹತ್ತಿ ಕಚ್ಚಾ ಆಗಿ ಹೋಗಲಿ, ಬಟ್ಟೆಯಾಗಿ ಹೋಗದಿರಲಿ ಎಂಬ ನೀತಿ ನಮ್ಮ ನೇಕಾರರಿಗೆ ಏನು ಮಾಡಿತು ಎಂಬುದು ಶಾಲೆಯ ಪಾಠದಲ್ಲೇ ಇದೆ. ನಮ್ಮ ಕಾರ್ಮಿಕರನ್ನು ಉಳಿಸುವ ಉದ್ದೇಶದಿಂದಲೇ ಈ ಸುಂಕ ಹಾಕಿದ್ದು. ಅದನ್ನು ನಾಳೆ ಬೆಳಿಗ್ಗೆ ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಕಾರ್ಮಿಕರನ್ನು ಉಳಿಸಲು ಗೋಡೆ ಕಟ್ಟುವ ಹಕ್ಕು ನಮಗಿದ್ದರೆ, ತಮ್ಮ ಕಾರ್ಮಿಕರನ್ನು ಉಳಿಸಲು ರಫ್ತು ತೆರಿಗೆ ಹಾಕುವ ಹಕ್ಕು ಬೆನಿನ್‌ಗೂ ಇದೆ. ಒಂದನ್ನು ನೀತಿ ಎಂದು, ಇನ್ನೊಂದನ್ನು ಅಡ್ಡಗಾಲು ಎಂದು ಬರೆಯುವುದು ತಪ್ಪು.

ಪಶ್ಚಿಮ ಆಫ್ರಿಕಾದ ಗೇರು ದೇಶಗಳಿಗೆ ಇನ್ನೊಂದು ಕಟ್ಟಿದೆ. ಐವರಿ ಕೋಸ್ಟ್, ಬೆನಿನ್, ಬುರ್ಕಿನಾ ಫಾಸೊ, ಸೆನೆಗಲ್, ಗಿನಿ ಬಿಸಾವು, ಇವುಗಳಿಂದ ನಮಗೆ ಬೀಜ ಬರುತ್ತದೆ. ಇವೆಲ್ಲವೂ ಬಳಸುವುದು ಒಂದೇ ನಾಣ್ಯ, ಸಿಎಫ್‌ಎ ಫ್ರಾಂಕ್. 1945ರ ಡಿಸೆಂಬರ್ 26ರಂದು ಫ್ರಾನ್ಸ್ ಹುಟ್ಟಿಸಿದ ನಾಣ್ಯ ಅದು. ಮೂರು ಅಕ್ಷರಗಳ ಅರ್ಥ ಆಗ ‘ಆಫ್ರಿಕಾದ ಫ್ರೆಂಚ್ ವಸಾಹತುಗಳು’. ಸ್ವಾತಂತ್ರ್ಯ ಬಂದ ಮೇಲೆ ಅದೇ ಅಕ್ಷರಗಳಿಗೆ ‘ಆಫ್ರಿಕಾದ ಹಣಕಾಸು ಸಮುದಾಯ’ ಎಂಬ ಅರ್ಥ ಹಚ್ಚಿದರು. ಇಂದಿಗೂ ಪಶ್ಚಿಮದ ಎಂಟು, ಮಧ್ಯದ ಆರು, ಒಟ್ಟು 14 ದೇಶಗಳಲ್ಲಿ ಇದೇ ಚಲಾವಣೆಯಲ್ಲಿದೆ. ನೋಟು ಅಚ್ಚಾಗುವುದು ಫ್ರಾನ್ಸಿನ ಶಾಮಾಲಿಯೇರ್‌ನಲ್ಲಿ, ನಾಣ್ಯ ಟಂಕಿಸುವುದು ಪೆಸ್ಸಾಕ್‌ನಲ್ಲಿ.

ಇದರ ಬಗ್ಗೆ ಕನ್ನಡದ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಒಂದು ಸಂದೇಶ ಸುತ್ತುತ್ತಿದೆ: ಫ್ರಾನ್ಸ್ ಈ 14 ದೇಶಗಳಿಂದ ವರ್ಷಕ್ಕೆ 500 ಶತಕೋಟಿ ಡಾಲರ್ ವಸಾಹತು ತೆರಿಗೆ ವಸೂಲಿ ಮಾಡುತ್ತದೆ ಎಂದು. ಅದು ಸುಳ್ಳು. ಆ 14 ದೇಶಗಳ ಒಟ್ಟು ವಾರ್ಷಿಕ ಉತ್ಪನ್ನವೇ ಅಷ್ಟಿಲ್ಲ. ನಿಜವಾಗಿ ಇದ್ದ ವ್ಯವಸ್ಥೆ ಬೇರೆ. ಈ ದೇಶಗಳ ಕೇಂದ್ರೀಯ ಬ್ಯಾಂಕುಗಳು ತಮ್ಮ ವಿದೇಶಿ ವಿನಿಮಯ ಸಂಗ್ರಹದ ಒಂದು ಪಾಲನ್ನು ಪ್ಯಾರಿಸ್ಸಿನ ಖಜಾನೆಯಲ್ಲಿ ‘ಕಾರ್ಯಾಚರಣೆ ಖಾತೆ’ ಎಂಬ ಖಾತೆಯಲ್ಲಿ ಇಡಬೇಕಿತ್ತು. ಮೊದಲು ಪೂರ್ತಿ, 1973ರಿಂದ ಶೇ 65, ಪಶ್ಚಿಮದ ದೇಶಗಳಿಗೆ 2005ರಿಂದ ಶೇ 50. ಹಣ ಆ ದೇಶಗಳದ್ದೇ, ಅದಕ್ಕೆ ಬಡ್ಡಿಯೂ ಇತ್ತು. ಕೊನೆಯ ವರ್ಷಗಳಲ್ಲಿ ಕಡ್ಡಾಯ ಠೇವಣಿಗೆ ಕನಿಷ್ಠ ಶೇ 0.75. ಪ್ರತಿಯಾಗಿ ಫ್ರಾನ್ಸ್ ಕೊಟ್ಟದ್ದು ನಾಣ್ಯವನ್ನು ನಿಗದಿತ ದರದಲ್ಲಿ ಬದಲಿಸಿಕೊಡುವ ಭರವಸೆ. ಜೊತೆಗೆ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಫ್ರಾನ್ಸಿನ ಪ್ರತಿನಿಧಿಗಳು ಕೂರುತ್ತಿದ್ದರು. ಸುಳ್ಳು ಸಂದೇಶ ಹಂಚಿದರೆ ಆಗುವ ಕೆಡುಕು ಏನೆಂದರೆ, ಅದು ಸುಳ್ಳೆಂದು ಗೊತ್ತಾದವರು ನಿಜವಾದ ಕಟ್ಟನ್ನೂ ನಂಬದೆ ಹೋಗುತ್ತಾರೆ.

ನಿಜವಾದ ಕಟ್ಟು ನಿಗದಿತ ದರದಲ್ಲಿದೆ: ಒಂದು ಯೂರೊಗೆ 655.957 ಸಿಎಫ್‌ಎ. ಗೇರುಬೀಜ, ಹತ್ತಿ, ಕೋಕೊ ಬಿಕರಿಯಾಗುವುದು ಬಹುತೇಕ ಡಾಲರ್ ಲೆಕ್ಕದಲ್ಲಿ. 2000ದ ಅಕ್ಟೋಬರ್‌ನಲ್ಲಿ ಯೂರೊ 0.83 ಡಾಲರ್‌ಗೆ ಇಳಿದಿತ್ತು. ಆಗ ಒಂದು ಡಾಲರ್ ಎಂದರೆ ಸುಮಾರು 790 ಫ್ರಾಂಕ್. 2008ರ ಜುಲೈಯಲ್ಲಿ ಯೂರೊ 1.60 ಡಾಲರ್ ಸಮೀಪಿಸಿತ್ತು; ಆಗ ಅದೇ ಡಾಲರ್ ಸುಮಾರು 410 ಫ್ರಾಂಕ್. ಅಂದರೆ ಟನ್ನಿಗೆ 1,000 ಡಾಲರ್ ಬೆಲೆಯ ಸರಕು ಒಮ್ಮೆ 7 ಲಕ್ಷ 90 ಸಾವಿರ ಫ್ರಾಂಕ್ ತರುತ್ತದೆ, ಇನ್ನೊಮ್ಮೆ 4 ಲಕ್ಷ 10 ಸಾವಿರ. ಬುರ್ಕಿನಾ ಫಾಸೊದ ಹತ್ತಿ ರೈತ ಏನೂ ತಪ್ಪು ಮಾಡಿಲ್ಲ, ಮಳೆ ಕೈಕೊಟ್ಟಿಲ್ಲ, ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆಯೂ ಬಿದ್ದಿಲ್ಲ. ಯೂರೋಪಿನ ಕೇಂದ್ರೀಯ ಬ್ಯಾಂಕು ಫ್ರಾಂಕ್‌ಫರ್ಟ್‌ನಲ್ಲಿ ಸಭೆ ಸೇರಿ ಜರ್ಮನಿಯ, ಫ್ರಾನ್ಸಿನ ಹಣದುಬ್ಬರ ನೋಡಿ ಬಡ್ಡಿದರ ಏರಿಸಿದ್ದರ ಪೆಟ್ಟು ಅವನ ಮೇಲೆ ಬೀಳುತ್ತದೆ. ಅವನ ಬೆಳೆ ಆ ಸಭೆಯ ಲೆಕ್ಕದಲ್ಲೇ ಇರುವುದಿಲ್ಲ. ನಾಣ್ಯ ಗಟ್ಟಿಯಾದಷ್ಟೂ ಯೂರೋಪಿನಿಂದ ಬರುವ ಹಾಲಿನ ಪುಡಿ, ಕೋಳಿಮಾಂಸ ಅಗ್ಗ, ಊರಿನ ಹೈನುಗಾರನ ಹಾಲು ದುಬಾರಿ.

ದರ ಬದಲಿಸುವ ದಿನ ಬಂದಾಗಲೂ ತೀರ್ಮಾನ ಹೊರಗಿನಿಂದಲೇ ಬಂತು. ಐವರಿ ಕೋಸ್ಟ್‌ನ ಅಧ್ಯಕ್ಷ ಹುಫೆ ಬ್ವಾನಿ ಅಪಮೌಲ್ಯವನ್ನು ಕೊನೆಯವರೆಗೂ ಒಪ್ಪಿರಲಿಲ್ಲ; ಅವರು ತೀರಿಕೊಂಡದ್ದು 1993ರ ಡಿಸೆಂಬರ್ 7ರಂದು. ಸರಿಯಾಗಿ ಐದು ವಾರಕ್ಕೆ, 1994ರ ಜನವರಿ 11ರಂದು ಸೆನೆಗಲ್‌ನ ಡಕಾರ್‌ನಲ್ಲಿ ಸೇರಿದ ನಾಯಕರ ಸಭೆಯಲ್ಲಿ ಐಎಂಎಫ್ ಮುಖ್ಯಸ್ಥ ಮಿಶೆಲ್ ಕಾಮ್ದೆಸ್ಸು ಮತ್ತು ಫ್ರಾನ್ಸಿನ ಮಂತ್ರಿ ಮಿಶೆಲ್ ರೂಸೆನ್ ಹಾಜರಿದ್ದರು. ಮರುದಿನದಿಂದ ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100 ಆಯಿತು. ಹೊರಗಿನಿಂದ ತರಿಸುವ ಔಷಧಿಗೆ, ಅಕ್ಕಿಗೆ, ಸೀಮೆಎಣ್ಣೆಗೆ ಒಂದೇ ರಾತ್ರಿಯಲ್ಲಿ ಎರಡರಷ್ಟು ಫ್ರಾಂಕ್. ರಫ್ತು ಬೆಳೆಗಾರನಿಗೆ ಅದರಿಂದ ಸ್ವಲ್ಪ ಉಸಿರು ಬಂತು ಎಂಬುದನ್ನೂ ಹೇಳಬೇಕು; ಪಟ್ಟಣದ ಸಂಬಳದಾರ ಕುಸಿದ.

ಬ್ಯಾಂಕನ್ನು ರಾಜಕೀಯಕ್ಕೆ ಬಳಸುವುದು ಹೇಗೆಂಬುದನ್ನು 2011ರಲ್ಲಿ ಐವರಿ ಕೋಸ್ಟ್ ಕಂಡಿತು. ಚುನಾವಣೆಯಲ್ಲಿ ಸೋತರೂ ಕುರ್ಚಿ ಬಿಡದ ಲಾರೆಂಟ್ ಬಾಗ್ಬೊ ತಪ್ಪಿತಸ್ಥರೇ. ಆದರೆ ಅವರನ್ನು ಮಣಿಸಲು ಮಾಡಿದ ಮೊದಲ ಕೆಲಸಗಳಲ್ಲೊಂದು ಕೇಂದ್ರೀಯ ಬ್ಯಾಂಕಿನ ಖಾತೆ ಕಟ್ಟಿಹಾಕಿದ್ದು. ಫೆಬ್ರವರಿಯಲ್ಲಿ ಫ್ರೆಂಚ್ ಬ್ಯಾಂಕುಗಳ ಶಾಖೆಗಳು ಬಾಗಿಲು ಎಳೆದವು. ಸಂಬಳ, ಪಿಂಚಣಿ, ವ್ಯಾಪಾರ ಎಲ್ಲವೂ ನಿಂತವು. 2022ರಲ್ಲಿ ಮಾಲಿ, 2023ರ ಜುಲೈನಿಂದ ನೈಜರ್ ಇದೇ ಪೆಟ್ಟು ತಿಂದವು. ಆಗ ಆದೇಶ ಕೊಟ್ಟವರು ನೆರೆಯ ಆಫ್ರಿಕನ್ ದೇಶಗಳ ನಾಯಕರೇ, ಪ್ಯಾರಿಸ್ ಅಲ್ಲ. ಆದರೂ ತನ್ನ ಸಾಲದ ಕಂತು ಕಟ್ಟಲು ತನ್ನದೇ ಖಾತೆಯ ಹಣ ಸಿಗದ ಸ್ಥಿತಿ ಒಂದು ದೇಶಕ್ಕೆ ಇಷ್ಟು ಸುಲಭವಾಗಿ ಬರುವುದು ನಾಣ್ಯ ತನ್ನ ಕೈಯಲ್ಲಿ ಇಲ್ಲದಾಗ.

2019ರ ಡಿಸೆಂಬರ್ 21ರಂದು ಅಬಿಜಾನ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಮತ್ತು ಐವರಿ ಕೋಸ್ಟ್‌ನ ಅಧ್ಯಕ್ಷ ವತ್ತಾರಾ ಸುಧಾರಣೆ ಘೋಷಿಸಿದರು. ಪಶ್ಚಿಮದ ಎಂಟು ದೇಶಗಳಲ್ಲಿ ನಾಣ್ಯಕ್ಕೆ ‘ಎಕೊ’ ಎಂಬ ಹೊಸ ಹೆಸರು, ಖಜಾನೆಯ ಠೇವಣಿ ರದ್ದು, ಮಂಡಳಿಯಿಂದ ಫ್ರೆಂಚ್ ಪ್ರತಿನಿಧಿಗಳು ಹೊರಕ್ಕೆ. 2021ರಲ್ಲಿ ಠೇವಣಿಯ ಸುಮಾರು 5 ಶತಕೋಟಿ ಯೂರೊ ಹಿಂದಕ್ಕೆ ಹೋಯಿತು. ಇದು ಸಣ್ಣ ವಿಷಯವಲ್ಲ. ಆದರೆ 655.957 ಹಾಗೆಯೇ ಉಳಿಯಿತು, ಫ್ರಾನ್ಸಿನ ಭರವಸೆ ಉಳಿಯಿತು, ಬಿಕ್ಕಟ್ಟು ಬಂದರೆ ಫ್ರಾನ್ಸಿನ ಪ್ರತಿನಿಧಿ ಮತ್ತೆ ಬಂದು ಕೂರುವ ಅವಕಾಶವೂ ಉಳಿಯಿತು. ನೋಟಿನ ಮೇಲೆ ಹೊಸ ಹೆಸರು ಇನ್ನೂ ಬಂದಿಲ್ಲ. ಮಧ್ಯ ಆಫ್ರಿಕಾದ ಆರು ದೇಶಗಳಿಗೆ ಆ ಒಪ್ಪಂದ ಅನ್ವಯಿಸಲೇ ಇಲ್ಲ. 2022ರಿಂದ 2025ರ ನಡುವೆ ಫ್ರೆಂಚ್ ಸೈನಿಕರು ಮಾಲಿ, ಬುರ್ಕಿನಾ ಫಾಸೊ, ನೈಜರ್, ಚಾಡ್, ಸೆನೆಗಲ್‌ಗಳಿಂದ ಒಂದಾದ ಮೇಲೊಂದರಂತೆ ಹೊರಟುಹೋದದ್ದು ನಮ್ಮ ಪತ್ರಿಕೆಗಳಲ್ಲೂ ದೊಡ್ಡ ಸುದ್ದಿಯಾಯಿತು. ಸೈನಿಕರು ಹೋದ ಆ ಐದೂ ದೇಶಗಳ ಸಂತೆಗಳಲ್ಲಿ ಇವತ್ತಿಗೂ ಕೈಬದಲಾಗುವುದು ಸಿಎಫ್‌ಎ ಫ್ರಾಂಕೇ.

ನಮಗೆ ಇದು ಹೊಸದಲ್ಲ. 1926ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಹಿಲ್ಟನ್ ಯಂಗ್ ಆಯೋಗ ರೂಪಾಯಿಯನ್ನು 1 ಶಿಲಿಂಗ್ 6 ಪೆನ್ಸ್‌ಗೆ ಕಟ್ಟಬೇಕೆಂದಿತು. ಆಯೋಗದ ಸದಸ್ಯರಾಗಿದ್ದ ಪುರುಷೋತ್ತಮದಾಸ್ ಠಾಕೂರ್‌ದಾಸ್ ಭಿನ್ನಮತ ಬರೆದು 1 ಶಿಲಿಂಗ್ 4 ಪೆನ್ಸ್ ಸಾಕೆಂದರು. ಎರಡು ಪೆನ್ನಿಯ ವ್ಯತ್ಯಾಸ ಎಂದರೆ ಇಷ್ಟು: ಇಂಗ್ಲೆಂಡಿನ ಕೊಳ್ಳುಗ ನಮ್ಮ ಹತ್ತಿಗೆ ಕೊಡುವ ಒಂದು ಪೌಂಡ್, 16 ಪೆನ್ಸ್ ದರದಲ್ಲಿ ರೈತನಿಗೆ 15 ರೂಪಾಯಿ, 18 ಪೆನ್ಸ್ ದರದಲ್ಲಿ 13 ರೂಪಾಯಿ 5 ಆಣೆ ಚಿಲ್ಲರೆ. ಗೆದ್ದದ್ದು 18 ಪೆನ್ಸ್. ಎರಡನೇ ಮಹಾಯುದ್ಧ ಮುಗಿದಾಗ ಭಾರತದ್ದೇ ಆದ 100 ಕೋಟಿ ಪೌಂಡಿಗೂ ಹೆಚ್ಚು ಹಣ ಲಂಡನ್ನಿನಲ್ಲಿ ಇತ್ತು, ಬೇಕಾದಾಗ ತೆಗೆಯುವಂತಿರಲಿಲ್ಲ. ಪ್ಯಾರಿಸ್ಸಿನ ಖಾತೆಯ ವಿಷಯ ಓದಿದಾಗ ನಮ್ಮ ಹಿರಿಯರಿಗೆ ಆ ಲೆಕ್ಕ ನೆನಪಾಗುತ್ತಿತ್ತು.

ಕಟ್ಟು ಬಿಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಸ್ವಂತ ನಾಣ್ಯ ಇರುವ ಪಕ್ಕದ ಘಾನಾದಲ್ಲಿ 2022ರ ಡಿಸೆಂಬರ್‌ನಲ್ಲಿ ಹಣದುಬ್ಬರ ಶೇ 54 ಮುಟ್ಟಿತು. ಸಿಎಫ್‌ಎ ದೇಶಗಳಲ್ಲಿ ಆಗ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಮಾಲಿ 1962ರಲ್ಲಿ ಹೊರಬಂದು ಸ್ವಂತ ಫ್ರಾಂಕ್ ಮಾಡಿ ಸೋತು 1984ರಲ್ಲಿ ಹಿಂದಿರುಗಿತು. ರಫ್ತಿನ ವಿಷಯದಲ್ಲೂ ಹಾಗೆಯೇ. 2018ರ ನವೆಂಬರ್‌ನಲ್ಲಿ ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ, ವ್ಯಾಪಾರಿಗಳು ಕೊಡುವ ಬೆಲೆ ಸಾಲದೆಂದು ಸೈನ್ಯದ ಲಾರಿ ಕಳಿಸಿ ಕಿಲೋಗೆ 3,300 ಶಿಲಿಂಗ್‌ನಂತೆ ಸರ್ಕಾರದಿಂದಲೇ ಬೀಜ ಕೊಂಡರು. ಒಡೆಯಲು ಸಾಕಷ್ಟು ಕಾರ್ಖಾನೆ ಇರಲಿಲ್ಲ, ಕೊಳ್ಳುವವರು ಸಿಗಲಿಲ್ಲ, ಬೀಜ ಗೋದಾಮಿನಲ್ಲಿ ಕೂತಿತು, ರೈತರ ಹಣ ತಿಂಗಳುಗಟ್ಟಲೆ ತಡವಾಯಿತು. ಕಚ್ಚಾ ಬೀಜ ಸರಿಯಾಗಿ ಒಣಗದಿದ್ದರೆ ಗೋದಾಮಿನಲ್ಲಿ ಔಟ್‌ಟರ್ನ್ ವಾರವಾರಕ್ಕೂ ಇಳಿಯುತ್ತದೆ. ಘೋಷಣೆಗೆ ಅದು ಕಾಯುವುದಿಲ್ಲ. ಐವರಿ ಕೋಸ್ಟ್ ಹಿಡಿದ ದಾರಿ ನಿಧಾನದ್ದು: ಕಚ್ಚಾ ಬೀಜಕ್ಕೆ ರಫ್ತು ತೆರಿಗೆ, ಆ ದೇಶದಲ್ಲೇ ಒಡೆದು ರಫ್ತು ಮಾಡುವ ಪ್ರತಿ ಕಿಲೋ ತಿರುಳಿಗೆ 400 ಫ್ರಾಂಕ್ ಸಹಾಯಧನ. 2023ರ ಹೊತ್ತಿಗೆ ತನ್ನ ಬೆಳೆಯ ಐದನೇ ಒಂದು ಪಾಲನ್ನು ಅದು ತಾನೇ ಒಡೆಯುವಂತಾಯಿತು. ರಫ್ತು ಗಳಿಕೆಯ ನೂರಕ್ಕೆ ತೊಂಬತ್ತರಷ್ಟು ಗೇರುಬೀಜದಿಂದಲೇ ಬರುವ, ಅದನ್ನು ಬಹುತೇಕ ಪೂರ್ತಿ ಕಚ್ಚಾ ಆಗಿಯೇ ಕಳಿಸುವ ಗಿನಿ ಬಿಸಾವುಗೆ ಅಷ್ಟೂ ಸಾಧ್ಯವಾಗಿಲ್ಲ. ಭಾರತದ, ವಿಯೆಟ್ನಾಂನ ಖರೀದಿದಾರರು ಒಂದು ವರ್ಷ ತಡ ಮಾಡಿದರೆ ಅಲ್ಲಿ ಅಕ್ಕಿ ಕೊಳ್ಳಲು ಹಣವಿರುವುದಿಲ್ಲ.

ಆದ್ದರಿಂದ ಒಂದೆರಡು ಬೇಡಿಕೆ. ಆಫ್ರಿಕಾದ ದೇಶಗಳ ರಫ್ತು ನೀತಿ ಸಡಿಲಿಸಲು ದಿಲ್ಲಿಯಿಂದ ಒತ್ತಡ ತರಿಸಬೇಕೆಂಬ ಮನವಿಯನ್ನು ಕರಾವಳಿಯ ಜನಪ್ರತಿನಿಧಿಗಳು ಬಿಡಲಿ. ಅದೇ ಹೊತ್ತನ್ನು ನಮ್ಮ ಮರಗಳ ಮೇಲೆ ಹಾಕಿದರೆ ಫಲವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಬಹುಪಾಲು ಗೇರು ಗುಡ್ಡಗಳು ಬೀಜ ಹಾಕಿ ಎಬ್ಬಿಸಿದ ಹಳೆಯ ಮರಗಳು. ಒಂದೊಂದು ಮರ ಒಂದೊಂದು ಗುಣ, ಬೀಜ ಸಣ್ಣದು, ಇಳುವರಿ ಕಡಿಮೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಭಾಸ್ಕರದಂಥ ಕಸಿ ತಳಿಗಳಿವೆ. 7.5 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 175 ಗಿಡ. ಚಿಗುರು, ಹೂ, ಮಿಡಿ ಈ ಮೂರು ಹಂತದಲ್ಲೂ ಟೀ ಸೊಳ್ಳೆ ಎಂಬ ಕೀಟದ ಕಾಟ ನೋಡಿಕೊಳ್ಳದಿದ್ದರೆ ಎಂಥ ತಳಿಯೂ ಕೈಕೊಡುತ್ತದೆ. ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳಲ್ಲಿ ಮುದಿ ಮರ ತೆಗೆದು ಕಸಿ ಗಿಡ ಹಾಕುವ ಕೆಲಸಕ್ಕೆ ವರ್ಷಕ್ಕೆ ಎಷ್ಟು ಹೆಕ್ಟೇರ್ ಎಂದು ಲೆಕ್ಕ ಕೇಳಿ ಬರೆಯುವುದು ಪತ್ರಿಕೆಯ ಕೈಯಲ್ಲಿದೆ.

ಕೇಂದ್ರ ಸರ್ಕಾರಕ್ಕೆ ಹೇಳಬೇಕಾದದ್ದು ಸುಂಕದ ವಿಷಯ. ಅತಿ ಬಡ ಆಫ್ರಿಕನ್ ದೇಶಗಳಿಂದ ಬರುವ ತಿರುಳಿಗೆ ಒಂದು ಮಿತಿಯವರೆಗೆ, ವರ್ಷಕ್ಕೆ ಇಷ್ಟು ಟನ್ ಎಂದು ಗೊತ್ತುಮಾಡಿ, ಶೇ 70ರ ಸುಂಕದಿಂದಲೂ 720 ರೂಪಾಯಿಯ ಗೆರೆಯಿಂದಲೂ ವಿನಾಯಿತಿ ಕೊಡಲಿ. ಸಿಪ್ಪೆ ತೆಗೆಯದ ತಿರುಳಿನಿಂದಲೇ ಶುರುಮಾಡಬಹುದು. ಒಡೆಯುವ ಕೂಲಿ ಅಲ್ಲಿಗೆ, ಪೀಲಿಂಗ್ ಮತ್ತು ಗ್ರೇಡಿಂಗ್ ಕೂಲಿ ಇಲ್ಲಿಗೆ. ಗೇರು ಎಣ್ಣೆಗೆ ಬೆರಳು ಸುಟ್ಟುಕೊಳ್ಳುವ ಕಟಿಂಗ್ ಕೆಲಸಕ್ಕೆ ಇಲ್ಲಿ ಈಗ ಹೊಸಬರು ಬರುವುದೂ ಕಷ್ಟವಾಗಿದೆ. ಮುಂದಿನ ಹಂಗಾಮಿನಲ್ಲಿ ಬೆನಿನ್‌ನ, ಐವರಿ ಕೋಸ್ಟ್‌ನ ಸುದ್ದಿ ಬಂದಾಗ ನಿಮ್ಮ ವರದಿಗಾರರು ಮಂಗಳೂರಿನ ಆಮದುದಾರರ ಮಾತಿನ ಜೊತೆಗೆ ಆ ವರ್ಷ ಅಲ್ಲಿನ ರೈತನಿಗೆ ಗೊತ್ತುಮಾಡಿದ ಕನಿಷ್ಠ ದರವನ್ನೂ ರೂಪಾಯಿಯಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇತಿ,
ಗೇರು ವ್ಯಾಪಾರ ಬಲ್ಲ ಓದುಗರು, ಮಂಗಳೂರು